ಪಿಎಚ್ ಒಂದೇ ಇದ್ದರೂ ವಿನೆಗರ್ ಬಾಟಲಿಯಲ್ಲಿ ಮಾತ್ರ ಬಲೂನು ಏಕೆ ಏಳಲಿಲ್ಲ?

ಜೀವಶಾಸ್ತ್ರದ ಮೇಷ್ಟ್ರು (ಪ್ರಶ್ನೆ)

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹುದುಗುವಿಕೆಯನ್ನು ಮಕ್ಕಳ ಕಣ್ಣಿಗೆ ಕಾಣುವಂತೆ ತೋರಿಸಲೆಂದು ಪ್ರತಿ ವರ್ಷವೂ ಬೆಲ್ಲದ ನೀರಿಗೆ ಬೇಕರಿಯ ಒಣ ಯೀಸ್ಟ್ ಹಾಕಿ, ಬಾಟಲಿಯ ಬಾಯಿಗೆ ಬಲೂನು ಕಟ್ಟಿಡುವುದು ನನ್ನ ರೂಢಿ. ಸಂಜೆಯೊಳಗೆ ಬಲೂನು ಎದ್ದು ನಿಂತರೆ ಅಂದಿನ ಪಾಠ ಮುಗಿದಂತೆ. ಈ ಸಲ ಒಬ್ಬ ವಿದ್ಯಾರ್ಥಿನಿ, ಹುಳಿ ಇದ್ದರೆ ಪದಾರ್ಥ ಕೆಡುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಹಾಗಿದ್ದರೆ ಹುಳಿ ಹಾಕಿದ ಬಾಟಲಿಯಲ್ಲಿ ಬಲೂನು ಏಳಬಾರದಲ್ಲವೇ ಎಂದು ಕೇಳಿದಳು. ಪಠ್ಯಪುಸ್ತಕದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಈ ಅಂಕ ಇಳಿಯುತ್ತದೆ) ಇಳಿದರೆ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಆದ್ದರಿಂದ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಅದನ್ನು ಮಾಡಿಯೇ ತೋರಿಸೋಣವೆಂದು ಹೊರಟವನು ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ತಲಾ 250 ಮಿಲಿಲೀಟರ್ ಬೆಲ್ಲದ ನೀರಿನ ನಾಲ್ಕು ಬಾಟಲಿಗಳನ್ನು ಸಿದ್ಧಪಡಿಸಿದೆವು. ಮೊದಲನೆಯದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಎರಡನೆಯದಕ್ಕೆ ಸಿಟ್ರಿಕ್ ಆಮ್ಲವನ್ನೂ ಹನಿಹನಿಯಾಗಿ ಸೇರಿಸಿ ಪಿಎಚ್ ಮೀಟರಿನಲ್ಲಿ 3.5ಕ್ಕೆ ತಂದೆವು. ಮೂರನೆಯದರಲ್ಲಿ ಒಟ್ಟು ಅಸಿಟಿಕ್ ಆಮ್ಲ ಶೇಕಡಾ 0.5ರಷ್ಟು ಇರುವಂತೆ ವಿನೆಗರ್ ಬೆರೆಸಿದಾಗ ಪಿಎಚ್ 3.5ಕ್ಕಿಂತ ಕೆಳಗಿಳಿಯಿತಾದ್ದರಿಂದ, ಅಡುಗೆ ಸೋಡಾದ ಒಂದೆರಡು ಚಿಟಿಕೆ ಹಾಕಿ ಅದನ್ನೂ 3.5ಕ್ಕೆ ಏರಿಸಿದೆವು. ನಾಲ್ಕನೆಯದಕ್ಕೆ ಅಷ್ಟೇ ವಿನೆಗರನ್ನು ಹಿಂದಿನ ದಿನವೇ ಸೋಡಾದಿಂದ ಪಿಎಚ್ 7ರವರೆಗೆ ತಟಸ್ಥಗೊಳಿಸಿ, ನೊರೆಯೆಲ್ಲ ಅಡಗಿ ಒಂದು ರಾತ್ರಿ ಕಳೆದ ಮೇಲೆ ಬೆಲ್ಲ ಸೇರಿಸಿದೆವು. ಬಲೂನನ್ನು ಎಬ್ಬಿಸಿದ್ದು ಸೋಡಾದ ಅನಿಲವೇ ಎಂಬ ಅನುಮಾನ ಯಾರಿಗೂ ಬರಬಾರದೆಂದು ಇಷ್ಟು ವಿವರ ಹೇಳುತ್ತಿದ್ದೇನೆ.

ಸಂಜೆ ನಾಲ್ಕರ ಹೊತ್ತಿಗೆ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯ ಬಲೂನು ತೆಂಗಿನಕಾಯಿಯಷ್ಟು ಉಬ್ಬಿತ್ತು. ಸಿಟ್ರಿಕ್ ಆಮ್ಲದ್ದು ಸ್ವಲ್ಪ ಹಿಂದೆ, ತಟಸ್ಥಗೊಳಿಸಿದ ನಾಲ್ಕನೆಯದು ಅದರ ಹಿಂದೆಯೇ ಇತ್ತು. ವಿನೆಗರ್ ಬಾಟಲಿಯ ಬಲೂನು ಮಾತ್ರ ಒದ್ದೆ ಬಟ್ಟೆಯಂತೆ ಪಕ್ಕಕ್ಕೆ ಜೋತುಬಿದ್ದಿತ್ತು, ಇಂದಿಗೆ ಮೂರು ದಿನವಾದರೂ ಹಾಗೆಯೇ ಇದೆ. ಮೀಟರ್ ತೋರಿಸಿದ ಅಂಕ ಮೂರು ಬಾಟಲಿಗಳಲ್ಲಿಯೂ ಒಂದೇ ಆಗಿದ್ದರೆ, ಯೀಸ್ಟಿಗೆ ಒಂದು ಆಮ್ಲ ಮಾತ್ರ ಬೇರೆಯಾಗಿ ಕಂಡದ್ದು ಹೇಗೆ? ಅಸಿಟಿಕ್ ಆಮ್ಲ ಒಡೆದಾಗ ಉಳಿಯುವ ಅಸಿಟೇಟ್ ವಿಷಕಾರಿ ಎನ್ನೋಣವೆಂದರೆ ನಾಲ್ಕನೆಯ ಬಾಟಲಿಯಲ್ಲಿ ಅಷ್ಟೇ ಅಸಿಟೇಟ್ ಇದೆ, ಅಲ್ಲಿ ಯೀಸ್ಟ್ ಸುಖವಾಗಿದೆ. ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಹುದುಗು (ಉತ್ತರ)

ಮೇಷ್ಟ್ರೇ, ನಾಲ್ಕನೆಯ ಬಾಟಲಿ ಇಟ್ಟದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಉತ್ತರದ ಅರ್ಧ ಭಾಗ ಅದರಲ್ಲೇ ಇದೆ. ಆಹಾರ ಸೂಕ್ಷ್ಮಜೀವಶಾಸ್ತ್ರದಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಪಿಎಚ್ ಮೀಟರ್ ಎಣಿಸುವುದು ನೀರಿನಲ್ಲಿ ಬಿಡಿಯಾಗಿ ತಿರುಗುತ್ತಿರುವ ಹೈಡ್ರೋಜನ್ ಅಯಾನುಗಳನ್ನು ಮಾತ್ರ. ಹೈಡ್ರೋಕ್ಲೋರಿಕ್ ಆಮ್ಲ ನೀರಿಗೆ ಬಿದ್ದೊಡನೆ ಪೂರ್ತಿ ಒಡೆಯುವುದರಿಂದ ಅದರಲ್ಲಿರುವುದೆಲ್ಲವೂ ಮೀಟರಿಗೆ ಕಾಣುತ್ತದೆ. ಬೆಲ್ಲದ ನೀರಿನ ಬಫರ್ ಗುಣವನ್ನು, ಅಂದರೆ ಪಿಎಚ್ ಬದಲಾವಣೆಯನ್ನು ತಡೆಯುವ ಗುಣವನ್ನು, ಬದಿಗಿಟ್ಟು ಬರಿಯ ನೀರನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, ಪಿಎಚ್ 3.5 ತಲುಪಲು ಲೀಟರಿಗೆ 0.32 ಮಿಲಿಮೋಲ್ (ಅಣುಗಳ ಎಣಿಕೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ ಸಾಕು. ನಿಮ್ಮ ವಿನೆಗರ್ ಬಾಟಲಿಯಲ್ಲಾದರೋ ಲೀಟರಿಗೆ ಸುಮಾರು 83 ಮಿಲಿಮೋಲ್ ಅಸಿಟಿಕ್ ಆಮ್ಲವಿದೆ. ಮೀಟರ್ ಎರಡಕ್ಕೂ ಒಂದೇ ಅಂಕ ಕೊಟ್ಟಿತು, ಆದರೆ ಆಮ್ಲದ ಒಟ್ಟು ದಾಸ್ತಾನಿನಲ್ಲಿ ಇನ್ನೂರೈವತ್ತು ಪಟ್ಟಿಗೂ ಹೆಚ್ಚಿನ ಅಂತರವಿದೆ.

ಆ ದಾಸ್ತಾನು ಯಾವ ರೂಪದಲ್ಲಿದೆ ಎಂಬುದು ಮುಂದಿನ ಮಾತು. ದುರ್ಬಲ ಆಮ್ಲಕ್ಕೆ ಪಿಕೆಎ ಎಂಬ ಒಂದು ಅಂಕವಿದೆ. ದ್ರಾವಣದ ಪಿಎಚ್ ಆ ಅಂಕಕ್ಕೆ ಸಮವಾದಾಗ ಅರ್ಧದಷ್ಟು ಅಣುಗಳು ಇಡಿಯಾಗಿಯೂ ಉಳಿದರ್ಧ ಒಡೆದೂ ಇರುತ್ತವೆ, ಪಿಎಚ್ ಅದಕ್ಕಿಂತ ಒಂದು ಅಂಕ ಇಳಿದರೆ ಇಡಿಯಾಗಿರುವವು ಒಡೆದವುಗಳ ಹತ್ತು ಪಟ್ಟಾಗುತ್ತವೆ, ಒಂದು ಅಂಕ ಏರಿದರೆ ಹತ್ತನೇ ಒಂದಕ್ಕಿಳಿಯುತ್ತವೆ. ಅಸಿಟಿಕ್ ಆಮ್ಲದ ಪಿಕೆಎ 4.76. ಆದ್ದರಿಂದ ಪಿಎಚ್ 3.5ರಲ್ಲಿ ಶೇಕಡಾ 95ರಷ್ಟು ಅಣುಗಳು ಒಡೆಯದೆ ಇಡಿಯಾಗಿಯೇ ಇರುತ್ತವೆ. ಪಿಎಚ್ 7ರಲ್ಲಿ, ಅಂದರೆ ನಿಮ್ಮ ನಾಲ್ಕನೆಯ ಬಾಟಲಿಯಲ್ಲಿ, ಇಡಿಯಾಗಿ ಉಳಿಯುವುದು ಶೇಕಡಾ 0.6ಕ್ಕೂ ಕಡಿಮೆ.

ಇಡೀ ಅಣುವಿಗೂ ಒಡೆದ ಅಯಾನಿಗೂ ಇರುವ ವ್ಯತ್ಯಾಸ ಕೋಶಪೊರೆಯ ಬಾಗಿಲಲ್ಲಿ ತಿಳಿಯುತ್ತದೆ. ಪೊರೆಯೆಂದರೆ ಕೆಲವೇ ನ್ಯಾನೋಮೀಟರ್ ದಪ್ಪದ ಕೊಬ್ಬಿನ ಜೋಡಿ ಪದರ. ವಿದ್ಯುದಂಶ ಹೊತ್ತ ಕಣ ನೀರನ್ನು ಬಿಟ್ಟು ಕೊಬ್ಬಿನೊಳಕ್ಕೆ ಇಳಿಯಬೇಕಾದರೆ ತನ್ನನ್ನು ಸುತ್ತುವರಿದ ನೀರಿನ ಅಣುಗಳನ್ನು ಕಳಚಿಕೊಳ್ಳಬೇಕು, ಅದಕ್ಕೆ ತಗಲುವ ಶಕ್ತಿ ವಿಪರೀತವಾದ್ದರಿಂದ ಅಸಿಟೇಟ್ ಅಯಾನು ಹೊರಗೇ ನಿಲ್ಲುತ್ತದೆ. ಒಡೆಯದ ಅಸಿಟಿಕ್ ಆಮ್ಲಕ್ಕೆ ವಿದ್ಯುದಂಶವಿಲ್ಲ, ಗಾತ್ರವೂ ಸಣ್ಣದು. ಅದು ಅಯಾನಿಗಿಂತ ಲಕ್ಷಾಂತರ ಪಟ್ಟು ಸುಲಭವಾಗಿ ಪೊರೆಯನ್ನು ದಾಟುತ್ತದೆ. ಕೊಬ್ಬಿನಲ್ಲಿ ಕರಗುವ ವಸ್ತುಗಳೇ ಕೋಶದೊಳಕ್ಕೆ ಬೇಗ ಹೋಗುತ್ತವೆ ಎಂಬುದನ್ನು ಅರ್ನೆಸ್ಟ್ ಓವರ್ಟನ್ 1890ರ ದಶಕದಲ್ಲಿಯೇ ಗುರುತಿಸಿದ್ದರು, ಪೊರೆಯ ರಚನೆ ಹೀಗಿದೆಯೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ.

ಒಳಗೆ ಹೋದ ಮೇಲೆ ಆಗುವುದು ಬೋನಿಗೆ ಬಿದ್ದ ಇಲಿಯ ಕತೆ. ಯೀಸ್ಟಿನ ಕೋಶದ್ರವದ ಪಿಎಚ್ 7ರ ಆಸುಪಾಸಿನಲ್ಲಿರುತ್ತದೆ, ಆದುದರಿಂದ ಒಳಬಂದ ಆಮ್ಲದ ಬಹುಪಾಲು ಅಲ್ಲಿ ಒಡೆದು ಒಂದು ಪ್ರೋಟಾನನ್ನೂ (ಹೈಡ್ರೋಜನ್ ಅಯಾನನ್ನೂ) ಒಂದು ಅಸಿಟೇಟನ್ನೂ ಬಿಡುತ್ತದೆ, ಬಂದ ದಾರಿಯಲ್ಲಿ ಮರಳಲು ಅಯಾನಿಗೆ ಆಗುವುದಿಲ್ಲ. ಒಳಗಿನ ಇಡೀ ಅಣುಗಳು ಒಡೆದು ಖಾಲಿಯಾದಷ್ಟೂ ಹೊರಗಿನವು ನುಗ್ಗುತ್ತವೆ. ಹೊರಗೆ 3.5, ಒಳಗೆ 7 ಎಂದು ಹಿಡಿದು ಸಮತೋಲದ ಲೆಕ್ಕ ಹಾಕಿದರೆ ಒಳಗಿನ ಸಾಂದ್ರತೆ ಹೊರಗಿನದರ 166 ಪಟ್ಟು ಬರುತ್ತದೆ.

ಒಂದು ಯೀಸ್ಟ್ ಕೋಶದ ಗಾತ್ರ ಸುಮಾರು 40 ಫೆಮ್ಟೋಲೀಟರ್ ಎಂದಿಟ್ಟುಕೊಳ್ಳಿ. ಪಿಎಚ್ 7ರಲ್ಲಿ ಅಷ್ಟು ಜಾಗದಲ್ಲಿ ಬಿಡಿಯಾಗಿರುವ ಪ್ರೋಟಾನುಗಳು ಹೆಚ್ಚೆಂದರೆ 2,400. ಪ್ರೋಟೀನುಗಳೂ ಫಾಸ್ಫೇಟುಗಳೂ ಹೊಸದಾಗಿ ಬಂದವನ್ನು ಹಿಡಿದಿಟ್ಟುಕೊಳ್ಳುತ್ತವೆಯಾದರೂ ಅದಕ್ಕೊಂದು ಮಿತಿಯಿದೆ. ಮಿಕ್ಕವನ್ನು ಪೊರೆಯಲ್ಲಿರುವ ಪಂಪು ಹೊರಹಾಕಬೇಕು, ಒಂದು ಪ್ರೋಟಾನಿಗೆ ಒಂದು ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಖರ್ಚು. ಬಾಟಲಿಯೊಳಗೆ ಆಮ್ಲಜನಕವಿಲ್ಲದೆ ಹುದುಗುವ ಯೀಸ್ಟಿಗೆ ಒಂದು ಗ್ಲೂಕೋಸಿನಿಂದ ಸಿಗುವುದೇ ಎರಡು ಎಟಿಪಿ. ದುಡಿದದ್ದೆಲ್ಲ ಪ್ರೋಟಾನು ಎತ್ತಿಹಾಕುವುದಕ್ಕೇ ಸರಿಹೋದರೆ ಬೆಳವಣಿಗೆಗೆ ಏನುಳಿದೀತು?

ಸಿಟ್ರಿಕ್ ಆಮ್ಲವೂ ದುರ್ಬಲ ಆಮ್ಲವೇ, ಪಿಎಚ್ 3.5ರಲ್ಲಿ ಅದರ ಶೇಕಡಾ 29ರಷ್ಟು ಒಡೆಯದೆಯೇ ಇರುತ್ತದೆ. ಆದರೆ ಮೂರು ಕಾರ್ಬಾಕ್ಸಿಲ್ ಗುಂಪುಗಳನ್ನೂ ಒಂದು ಹೈಡ್ರಾಕ್ಸಿಲನ್ನೂ ಹೊತ್ತ ಆ ಅಣು ನೀರಿಗೆ ಎಷ್ಟು ಅಂಟಿಕೊಂಡಿರುತ್ತದೆಂದರೆ, ವಿದ್ಯುದಂಶವಿಲ್ಲದಿದ್ದಾಗಲೂ ಕೊಬ್ಬಿನ ಪದರಕ್ಕೆ ಇಳಿಯಲೊಲ್ಲದು. ಹುಣಸೆಯ ಟಾರ್ಟಾರಿಕ್ ಆಮ್ಲದ್ದೂ ಇದೇ ಸ್ವಭಾವ. ನಾಲಿಗೆಗೆ ತಾಗುವ ಹುಳಿಗೂ ಸೂಕ್ಷ್ಮಜೀವಿಗೆ ತಾಗುವ ಹುಳಿಗೂ ಸಂಬಂಧ ಇಷ್ಟು ಸಡಿಲವಾದದ್ದು.

ಮುರುಗಲು (ಉತ್ತರ)

ನಾನು ವಿಜ್ಞಾನ ಓದಿದವಳಲ್ಲ. ಶಿರಸಿಯ ಕಡೆ ಮನೆಯಲ್ಲಿಯೇ ಮುರುಗಲು ಶರಬತ್ತು ಮಾಡಿ ಮಾರುತ್ತೇನೆ. ಮೇಲಿನವರ ಲೆಕ್ಕ ಓದಿದ ಮೇಲೆ, ಆರು ವರ್ಷದ ಹಿಂದೆ ನನಗಾದ ಒಂದು ನಷ್ಟಕ್ಕೆ ಕಾರಣ ಹೊಳೆದಿರುವುದರಿಂದ ಬರೆಯುತ್ತಿದ್ದೇನೆ.

ಶರಬತ್ತಿಗೆ ನಾವು ಹಾಕುವುದು ಸೋಡಿಯಂ ಬೆಂಜೊಯೇಟ್. ತರಬೇತಿಯಲ್ಲಿ ಹೇಳಿಕೊಟ್ಟ ಪ್ರಮಾಣ ತಪ್ಪದೆ ಹಾಕಿದರೆ ಮಳೆಗಾಲ ದಾಟಿಯೂ ಶರಬತ್ತು ನೊರೆ ಕಟ್ಟುವುದಿಲ್ಲ. ಆ ಧೈರ್ಯದ ಮೇಲೆ ಒಂದು ಬೇಸಿಗೆಯಲ್ಲಿ ಕಬ್ಬಿನ ಹಾಲನ್ನು ಬಾಟಲಿಗೆ ತುಂಬಿ ಮಾರೋಣವೆಂದು ಹೊರಟು, ಅದಕ್ಕೂ ಅದೇ ತೂಕದ ಬೆಂಜೊಯೇಟ್ ಹಾಕಿದೆ. ಎರಡನೆಯ ದಿನಕ್ಕೆ ಮುಚ್ಚಳಗಳು ಟಪ್ಪೆಂದು ಹಾರತೊಡಗಿದವು, ಅರವತ್ತು ಬಾಟಲಿಗಳನ್ನು ಹಿತ್ತಲಿನ ಗುಂಡಿಗೆ ಸುರಿಯಬೇಕಾಯಿತು. ಪುಡಿ ಹಳೆಯದಿರಬೇಕೆಂದು ಮಾರಿದ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ತಪ್ಪು ಪುಡಿಯದಲ್ಲ, ಕಬ್ಬಿನ ಹಾಲಿನಲ್ಲಿ ಹುಳಿಯಿಲ್ಲದಿರುವುದೇ ಕಾರಣವೆಂದು ಈಗ ಅನ್ನಿಸುತ್ತಿದೆ. ಇದು ಸರಿಯೇ?

ಇನ್ನೊಂದು ಸಂಶಯ. ಕೆಲಸಕ್ಕೆ ಬರುವುದು ಒಡೆಯದ ಆಮ್ಲವೇ ಆದರೆ ಬೆಂಜೊಯಿಕ್ ಆಮ್ಲವನ್ನೇ ಮಾರದೆ ಅದರ ಉಪ್ಪನ್ನು ಏಕೆ ಮಾರುತ್ತಾರೆ? ಹೊಸಬರು ಮಾಡುವ ಒಂದು ತಪ್ಪು ಇದಕ್ಕೆ ಸಂಬಂಧಿಸಿರಬಹುದೆಂದು ಹೇಳುತ್ತೇನೆ. ಪುಡಿಯನ್ನು ನೇರವಾಗಿ ಗಟ್ಟಿ ಮುರುಗಲು ರಸಕ್ಕೆ ಸುರಿದರೆ ಅದು ಕರಗುವ ಬದಲು ಬಿಳಿಯ ಹೊಟ್ಟಿನಂತೆ ಮೇಲೆ ತೇಲುತ್ತದೆ, ಎಷ್ಟು ತಿರುವಿದರೂ ಹೋಗುವುದಿಲ್ಲ. ಮೊದಲು ಒಂದು ಲೋಟ ಬಿಸಿ ನೀರಿನಲ್ಲಿ ಕರಗಿಸಿ, ಕೈಯಾಡಿಸುತ್ತ ಸಕ್ಕರೆ ಪಾಕಕ್ಕೆ ಬೆರೆಸಿ, ಆಮೇಲೆ ರಸ ಹಾಕಬೇಕೆಂಬುದು ನಮ್ಮಲ್ಲಿ ಪಾಠವಾಗಿಬಿಟ್ಟಿದೆ.

ಹುದುಗು (ಉತ್ತರ)

ಅಮ್ಮಾ, ನಿಮ್ಮ ಊಹೆ ಸರಿಯಾಗಿದೆ. ಬೆಂಜೊಯಿಕ್ ಆಮ್ಲದ ಪಿಕೆಎ 4.2. ಪಿಎಚ್ 3ರ ಆಸುಪಾಸಿನ ಹುಳಿ ಶರಬತ್ತಿನಲ್ಲಿ ನೀವು ಹಾಕಿದ ಬೆಂಜೊಯೇಟಿನ ಶೇಕಡಾ 94ರಷ್ಟು ಆಮ್ಲರೂಪಕ್ಕೆ ಮರಳಿ ಕೆಲಸಕ್ಕೆ ನಿಲ್ಲುತ್ತದೆ. ಕಬ್ಬಿನ ಹಾಲಿನ ಪಿಎಚ್ 5.2 ಎಂದಿಟ್ಟುಕೊಂಡರೆ ಕೆಲಸಕ್ಕೆ ಒದಗುವುದು ಶೇಕಡಾ 9 ಮಾತ್ರ. ನೀವು ಸೇರಿಸಿದ ತೂಕ ಅದೇ ಇದ್ದರೂ ಹತ್ತರಲ್ಲಿ ಒಂಬತ್ತು ಪಾಲು ಯೀಸ್ಟಿನ ಬಾಗಿಲ ಹೊರಗೇ ಉಳಿಯಿತು. ಹುಳಿಯಿಲ್ಲದ ಪದಾರ್ಥಕ್ಕೆ ಬೆಂಜೊಯೇಟ್ ಸಲ್ಲದು ಎನ್ನುವುದು ಇದಕ್ಕೇ.

ಉಪ್ಪಿನ ರೂಪದಲ್ಲಿ ಮಾರಲು ಕಾರಣ ನಿಮ್ಮ ಬಿಳಿಯ ಹೊಟ್ಟು. ಬೆಂಜೊಯಿಕ್ ಆಮ್ಲ ತಣ್ಣೀರಿನಲ್ಲಿ ಲೀಟರಿಗೆ ಮೂರೂವರೆ ಗ್ರಾಮಿನಷ್ಟೂ ಕರಗುವುದಿಲ್ಲ, ಸೋಡಿಯಂ ಬೆಂಜೊಯೇಟಾದರೋ ಲೀಟರಿಗೆ ಅರ್ಧ ಕಿಲೋಗಿಂತ ಹೆಚ್ಚು ಕರಗುತ್ತದೆ. ಪುಡಿಯನ್ನು ಗಟ್ಟಿ ಹುಳಿಗೆ ಸುರಿದಾಗ, ಬಿದ್ದ ಜಾಗದಲ್ಲೇ ಅದು ಆಮ್ಲವಾಗಿ ಮಾರ್ಪಟ್ಟು ಹರಳುಗಟ್ಟುತ್ತದೆ. ಪುಡಿ ತೂಗುವಾಗ ಇನ್ನೊಂದು ಲೆಕ್ಕವೂ ನೆನಪಿರಲಿ: ನಿಯಮಗಳಲ್ಲಿ ಮಿತಿಯನ್ನು ಸಾಮಾನ್ಯವಾಗಿ ಬೆಂಜೊಯಿಕ್ ಆಮ್ಲದ ತೂಕದಲ್ಲಿ ಹೇಳುತ್ತಾರೆ, ಒಂದು ಗ್ರಾಂ ಆಮ್ಲಕ್ಕೆ 1.18 ಗ್ರಾಂ ಸೋಡಿಯಂ ಬೆಂಜೊಯೇಟ್ ಬೇಕು.

ಕೋಶಪೊರೆ (ಉತ್ತರ)

ಹುದುಗು ಅವರ ವಿವರಣೆ ಎಲ್ಲರೂ ಕಲಿಸುವ ವಿವರಣೆಯೇ, ತಪ್ಪೆನ್ನುವಂತಿಲ್ಲ. ಯೀಸ್ಟಿನ ಮೇಲೆ ಸಂಶೋಧನೆ ಮಾಡುವ ನನಗೆ ಅದರಲ್ಲಿ ಒಂದೆರಡು ಕಡೆ ತಕರಾರಿದೆ, ಮೇಷ್ಟ್ರು ತರಗತಿಯಲ್ಲಿ ಹೇಳುವ ಮೊದಲು ಅವನ್ನೂ ನೋಡಲಿ.

ಮೊದಲನೆಯದು ಆ 166ರ ಲೆಕ್ಕ. ಹೊರಗೆ 83 ಮಿಲಿಮೋಲ್ ಇದ್ದು ಒಳಗೆ ಅದರ 166 ಪಟ್ಟು ಸೇರಬೇಕಾದರೆ ಲೀಟರಿಗೆ 13 ಮೋಲಿಗೂ ಹೆಚ್ಚಿನ ಅಸಿಟೇಟ್ ಆಗುತ್ತದೆ, ಅಷ್ಟನ್ನು ಯಾವ ಜೀವಕೋಶವೂ ಹಿಡಿಯಲಾರದು. ಕಾಗದದ ಮೇಲೆ ಬಂದ ಈ ಅಸಾಧ್ಯ ಅಂಕವೇ ನಿಜವಾದ ಸಂಗತಿಯನ್ನು ಹೇಳುತ್ತಿದೆ. ಒಳಗಿನ ಪಿಎಚ್ 7ರಲ್ಲಿ ಉಳಿಯುವುದೇ ಇಲ್ಲ, ಅದು ಕುಸಿಯುತ್ತದೆ. 5.5ಕ್ಕೆ ಇಳಿಯಿತೆಂದು ಹಿಡಿದರೆ ಸಂಗ್ರಹ ಆರು ಪಟ್ಟಿಗೆ ಬಂದು ನಿಲ್ಲುತ್ತದೆ, ಅಂದರೆ ಸುಮಾರು 500 ಮಿಲಿಮೋಲ್. ಹೀಗೆ ಜೀವಕೋಶದ ಮುಂದಿರುವುದು ಎರಡೇ ದಾರಿ: ಒಳಗಿನ ಪಿಎಚ್ ಕಾಯ್ದುಕೊಳ್ಳಲು ಹೆಣಗಿ ಅಯಾನಿನ ರಾಶಿಯನ್ನು ಹೊರುವುದು, ಇಲ್ಲವೇ ಪಿಎಚ್ ಇಳಿಯಲು ಬಿಟ್ಟು ರಾಶಿ ಬೆಳೆಯದಂತೆ ನೋಡಿಕೊಳ್ಳುವುದು.

ದೋಸೆ ಹಿಟ್ಟನ್ನೂ ಮೊಸರನ್ನೂ ಹುಳಿ ಮಾಡುವ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಎರಡನೆಯ ದಾರಿ ಹಿಡಿದವು. ಹೊರಗಿನ ಪಿಎಚ್ ಇಳಿದ ಹಾಗೆಲ್ಲ ಒಳಗಿನದನ್ನೂ ಇಳಿಯಲು ಬಿಡುವುದರಿಂದ ಒಳಹೊರಗಿನ ಅಂತರ ಸಣ್ಣದಾಗಿಯೇ ಉಳಿದು, ತಾವೇ ತಯಾರಿಸಿದ ಆಮ್ಲ ತಮ್ಮೊಳಗೆ ತುಂಬಿಕೊಳ್ಳುವುದಿಲ್ಲ. ಅವುಗಳ ಕಿಣ್ವಗಳೂ ಆ ಹುಳಿಗೆ ಒಗ್ಗಿಕೊಂಡಿವೆ. ಒಳಗಿನ ಪಿಎಚ್ಚನ್ನು ತಟಸ್ಥದ ಹತ್ತಿರ ಹಿಡಿದಿಡಲೇಬೇಕೆಂದು ಹಟ ಹಿಡಿಯುವ ಬ್ಯಾಕ್ಟೀರಿಯಾಗಳು ಅದೇ ಹಿಟ್ಟಿನಲ್ಲಿ ಸೊರಗುತ್ತವೆ. ಅಮೆರಿಕದ ಜೇಮ್ಸ್ ರಸೆಲ್ 1992ರಲ್ಲಿ ಹುದುಗುವಿಕೆಯ ಆಮ್ಲಗಳ ವಿಷತ್ವಕ್ಕೆ ಕೊಟ್ಟ ವಿವರಣೆ ಇದೇ, ಪ್ರೋಟಾನಿಗಿಂತ ಅಯಾನಿನ ಶೇಖರಣೆಯ ಕಡೆಗೆ ಕಣ್ಣು ತಿರುಗಿಸಿದ್ದು ಅವರ ಹೆಚ್ಚುಗಾರಿಕೆ. ಆ ರಾಶಿ ಸುಮ್ಮನೆ ಕೂರುವುದೂ ಇಲ್ಲ. ಅಸಿಟೇಟ್ ತುಂಬಿದ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ತಯಾರಿಕೆಯ ಕೊನೆಯ ಮೆಟ್ಟಿಲು ತಡೆದು, ಅದರ ಹಿಂದಿನ ರೂಪವಾದ ಹೋಮೋಸಿಸ್ಟೀನ್ ಶೇಖರವಾಗುತ್ತದೆ. ಹೊರಗಿನಿಂದ ಮೆಥಿಯೋನಿನ್ ಕೊಟ್ಟರೆ ಬೆಳವಣಿಗೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬರಿಯ ಪಿಎಚ್ಚಿನ ತೊಂದರೆಯಾಗಿದ್ದರೆ ಒಂದು ಅಮೈನೋ ಆಮ್ಲದಿಂದ ಅದು ಪರಿಹಾರವಾಗುತ್ತಿರಲಿಲ್ಲ.

ಎರಡನೆಯ ತಕರಾರು ಪಿಕೆಎಗೆ ಸಂಬಂಧಿಸಿದ್ದು. ಬ್ರೆಡ್ಡು, ಜಾಮುಗಳ ಲೇಬಲಿನಲ್ಲಿ ಕಾಣುವ ಸಾರ್ಬಿಕ್ ಆಮ್ಲಕ್ಕೂ ಅಸಿಟಿಕ್ ಆಮ್ಲಕ್ಕೂ ಪಿಕೆಎ ಬಹುತೇಕ ಒಂದೇ, 4.76. ಯಾವ ಪಿಎಚ್ಚಿನಲ್ಲಿಯಾದರೂ ಎರಡೂ ಒಂದೇ ಪ್ರಮಾಣದಲ್ಲಿ ಒಡೆಯುತ್ತವೆ, ಒಂದೇ ಪ್ರಮಾಣದ ಪ್ರೋಟಾನನ್ನು ಒಳಗೆ ಬಿಡುತ್ತವೆ. ಹಾಗಿದ್ದೂ ಯೀಸ್ಟನ್ನು ತಡೆಯಲು ಅಸಿಟಿಕ್ ಆಮ್ಲ ಲೀಟರಿಗೆ 80ರಿಂದ 150 ಮಿಲಿಮೋಲ್ ಬೇಕು, ಸಾರ್ಬಿಕ್ ಆಮ್ಲ ಒಂದರಿಂದ ಮೂರು ಮಿಲಿಮೋಲ್ ಸಾಕು. ಕೋಶ ಹುಳಿಯಾಗುವುದೊಂದೇ ಕಾರಣವಾಗಿದ್ದರೆ ಈ ಅಂತರಕ್ಕೆ ನೆಲೆಯಿಲ್ಲ. ಆರು ಇಂಗಾಲದ ಸರಪಳಿಯ ಸಾರ್ಬಿಕ್ ಆಮ್ಲ ಪೊರೆಯನ್ನು ದಾಟುವುದಷ್ಟೇ ಅಲ್ಲದೆ ಪೊರೆಯಲ್ಲಿಯೇ ನೆಲೆನಿಂತು ಅದರ ಬಂದೋಬಸ್ತನ್ನು ಕೆಡಿಸುತ್ತದೆ ಎಂಬ ವಿವರಣೆ ನನಗೆ ಹೆಚ್ಚು ಸಮ್ಮತ.

ಬೆಂಜೊಯಿಕ್ ಆಮ್ಲದ ವಿಷಯದಲ್ಲಿ ಮಾತ್ರ ಕೋಶ ಹುಳಿಯಾಗುವ ಕತೆಗೆ ಗಟ್ಟಿ ಆಧಾರವಿದೆ. ಮಕ್ಕಳು ಬಾಯಿಪಾಠ ಮಾಡುವ ಕ್ರೆಬ್ಸ್ ಚಕ್ರದ ಹ್ಯಾನ್ಸ್ ಕ್ರೆಬ್ಸ್ ಅವರೇ ತಮ್ಮ ಕೊನೆಯ ದಿನಗಳಲ್ಲಿ ಇದರ ಮೇಲೆ ಕೆಲಸ ಮಾಡಿದ್ದರು. ಅವರು 1981ರಲ್ಲಿ ತೀರಿಕೊಂಡ ಮೇಲೆ 1983ರಲ್ಲಿ ಆ ಲೇಖನ ಸಹೋದ್ಯೋಗಿಗಳೊಂದಿಗೆ ಪ್ರಕಟವಾಯಿತು. ಬೆಂಜೊಯೇಟ್ ಯೀಸ್ಟಿನೊಳಗೆ ಶೇಖರವಾಗಿ ಒಳಗಿನ ಪಿಎಚ್ ಇಳಿಯುತ್ತದೆ, ಅದರ ಪೆಟ್ಟು ಗ್ಲೂಕೋಸ್ ಒಡೆಯುವ ದಾರಿಯ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವಕ್ಕೆ ಬೀಳುತ್ತದೆ ಎಂದು ಅವರು ಕಂಡುಕೊಂಡರು. ಪಂಪಿಗೆ ಎಟಿಪಿ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಎಟಿಪಿಯ ಮೂಲ ಬತ್ತುತ್ತದೆಂದಾಯಿತು.

ಯೀಸ್ಟ್ ಕೈಕಟ್ಟಿ ಕೂರುವ ಪ್ರಾಣಿಯಲ್ಲ. ಸಾರ್ಬೇಟ್, ಬೆಂಜೊಯೇಟ್, ಪ್ರೊಪಿಯೊನೇಟ್ ಅಯಾನುಗಳನ್ನು ಹೊರದಬ್ಬುವ ಪಿಡಿಆರ್12 ಎಂಬ ಪಂಪನ್ನು ಅದು ಆಮ್ಲ ಬಂದೊಡನೆ ಹೇರಳವಾಗಿ ತಯಾರಿಸುತ್ತದೆ. ಹೊರಗೆ ಹೋದ ಅಯಾನು ಅಲ್ಲಿನ ಹುಳಿಯಲ್ಲಿ ಪ್ರೋಟಾನು ಹಿಡಿದು ಮತ್ತೆ ಇಡೀ ಅಣುವಾಗಿ ಒಳಬರುವುದರಿಂದ ಇದು ತೂತು ದೋಣಿಯ ನೀರು ಮೊಗೆಯುವ ಕೆಲಸವೇ ಸರಿ, ಆದರೂ ಈ ಪಂಪಿಲ್ಲದ ಯೀಸ್ಟ್ ಅದೇ ಆಮ್ಲದಲ್ಲಿ ಬಾಳಲಾರದು. ಅಸಿಟೇಟನ್ನು ಈ ಪಂಪು ಎತ್ತಿಹಾಕುವುದಿಲ್ಲ. ಅಲ್ಲಿ ಉಪಾಯ ಬೇರೆ: ಗ್ಲಿಸರಾಲ್ ಹಾಯುವ ಎಫ್‌ಪಿಎಸ್1 ಎಂಬ ಕಾಲುವೆಯಲ್ಲಿ ಒಡೆಯದ ಅಸಿಟಿಕ್ ಆಮ್ಲವೂ ನುಸುಳುತ್ತದೆ, ಯೀಸ್ಟ್ ಅಪಾಯ ಅರಿತೊಡನೆ ಆ ಕಾಲುವೆಯನ್ನೇ ಪೊರೆಯಿಂದ ಕಿತ್ತು ನಾಶಮಾಡುತ್ತದೆ. ಆಮ್ಲ ಕೊಬ್ಬಿನ ಪದರದ ಮೂಲಕ ಮಾತ್ರ ಒಳಬರುತ್ತದೆಂಬ ಮಾತಿಗೂ ಹೀಗೆ ಒಂದು ತಿದ್ದುಪಡಿ ಬೇಕು.

ಮುರುಗಲು ಅವರಿಗೆ ಒಂದು ಎಚ್ಚರಿಕೆ. ಜೈಗೋಸ್ಯಾಕರೋಮೈಸೀಸ್ ಬೈಲಿ ಎಂಬ ಯೀಸ್ಟ್ ಹಣ್ಣಿನ ಪಾಕಗಳಲ್ಲಿ ಬೆಂಜೊಯೇಟಿನ ಕಾನೂನು ಮಿತಿಯನ್ನೂ ಮೀರಿದ ಪ್ರಮಾಣದಲ್ಲಿ ಬೆಳೆಯಬಲ್ಲದು. ಸೋಸುವ ಬಟ್ಟೆಯೂ ಕೊಳವೆಯೂ ಸ್ವಚ್ಛವಾಗಿಲ್ಲದೆ ಅದು ಒಮ್ಮೆ ಮನೆಹೊಕ್ಕರೆ, ಪುಡಿಯ ತೂಕ ಹೆಚ್ಚಿಸಿ ಪ್ರಯೋಜನವಿಲ್ಲ.

ಜೀವಶಾಸ್ತ್ರದ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಬಾಟಲಿಗಳ ಪಕ್ಕದಲ್ಲಿ ಹಲಗೆಯ ಮೇಲೆ 0.32 ಮತ್ತು 83 ಎಂಬ ಎರಡು ಅಂಕಗಳನ್ನು ಬರೆದಿಟ್ಟೆ. ಅದಕ್ಕಿಂತ ಹೆಚ್ಚು ಮಾತು ಬೇಕಾಗಲಿಲ್ಲ. ಮನೆಯ ಅಪ್ಪೆಮಿಡಿಗೆ ಯಾರೂ ವಿನೆಗರ್ ಹಾಕುವುದಿಲ್ಲವಲ್ಲ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ, ಅಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಉಪ್ಪಿನದೇ ದೊಡ್ಡ ಪಾತ್ರವೆಂದು ಹೇಳಿದ್ದೇನೆ.

ಆದರೆ ಒಂದು ಹೊಸ ತೊಡಕು ಎದುರಾಗಿದೆ. ಆರನೆಯ ದಿನ ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆದಾಗ ವಿನೆಗರ್ ಬಾಟಲಿಯ ಬಲೂನು ನಿಂಬೆಹಣ್ಣಿನಷ್ಟು ಎದ್ದಿತ್ತು, ಸಂಜೆಗೆ ಮೂಸಂಬಿಯಷ್ಟಾಯಿತು. ಪಿಎಚ್ ಅಳೆದರೆ 3.5ರಲ್ಲೇ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಗ್ಗೊಡೆಯುತ್ತಿರುವ ಯೀಸ್ಟ್ ಕೋಶಗಳೇ ಕಾಣುತ್ತವೆ, ಬೂಷ್ಟಿನ ಎಳೆಗಳಾಗಲಿ ಬೇರೆ ಆಕಾರಗಳಾಗಲಿ ಇಲ್ಲ. ಐದು ದಿನ ಸುಮ್ಮನಿದ್ದದ್ದು ಏಕೆ, ಈಗ ಎದ್ದದ್ದು ಏಕೆ? ಆಮ್ಲವನ್ನು ತಾಳಬಲ್ಲ ಹೊಸ ತಳಿ ಹುಟ್ಟಿತೇ?

ಕೋಶಪೊರೆ (ಉತ್ತರ)

ನಿಮ್ಮ 0.5 ಶೇಕಡಾ ಪ್ರಮಾಣ ಬೇಕರಿ ಯೀಸ್ಟಿನ ಮಿತಿಯ ಅಂಚಿನಲ್ಲಿದೆ. ಪ್ರಯೋಗಾಲಯದ ದ್ರಾವಣಗಳಲ್ಲಿ ಅದರ ಬೆಳವಣಿಗೆ ಪೂರ್ತಿ ನಿಲ್ಲುವುದು ಅಸಿಟಿಕ್ ಆಮ್ಲ ಸುಮಾರು 0.6 ಶೇಕಡಾ ತಲುಪಿದಾಗ, ಲ್ಯಾಕ್ಟಿಕ್ ಆಮ್ಲವಾದರೆ ಸುಮಾರು 2.5 ಶೇಕಡಾ. ಅಂಚಿನಲ್ಲಿ ನಿಲ್ಲಿಸಿದಾಗ ದೀರ್ಘ ವಿಳಂಬ, ಆಮೇಲೆ ಬೆಳವಣಿಗೆ ಎಂಬುದು ನಾವು ಸದಾ ಕಾಣುವ ನೋಟ. ಇದನ್ನು ಇಡೀ ಬಾಟಲಿ ಒಟ್ಟಾಗಿ ಮಲಗಿ ಒಟ್ಟಾಗಿ ಎದ್ದಿತು ಎಂದು ಭಾವಿಸಬೇಡಿ. ಒಂದೇ ತಳಿಯ, ಒಂದೇ ಪೊಟ್ಟಣದ ಕೋಶಗಳಲ್ಲಿಯೂ ಆಮ್ಲದ ಪೆಟ್ಟಿನ ನಂತರ ಚೇತರಿಸಿಕೊಂಡು ವಿಭಜನೆಗೆ ತೊಡಗುವವು ಒಂದು ಸಣ್ಣ ಪಾಲು ಮಾತ್ರ, ಉಳಿದವು ಹಾಗೆಯೇ ನಿಂತುಬಿಡುತ್ತವೆ. ಆ ಕೆಲವೇ ಕೋಶಗಳು ದುಪ್ಪಟ್ಟಾಗುತ್ತ ಹೋಗಿ ಬಲೂನನ್ನು ಎಬ್ಬಿಸುವಷ್ಟು ಸಂಖ್ಯೆ ಮುಟ್ಟಲು ದಿನಗಳು ಬೇಕು. ನಾನು ಮೇಲೆ ಹೇಳಿದ ಬೈಲಿ ಯೀಸ್ಟಿನಲ್ಲಿ ಇದನ್ನು ಚೆನ್ನಾಗಿ ಪರಿಶೀಲಿಸಿದ್ದಾರೆ: ಅದರ ಸಮೂಹದಲ್ಲಿ ಮೊದಲಿನಿಂದಲೂ ಒಳಗಿನ ಪಿಎಚ್ ಕಡಿಮೆಯಿರುವ ಕೆಲವು ಕೋಶಗಳಿರುತ್ತವೆ, ಅಂತರ ಸಣ್ಣದಾದ್ದರಿಂದ ಅವುಗಳೊಳಗೆ ಆಮ್ಲ ಕಡಿಮೆ ಸೇರುತ್ತದೆ, ಬದುಕುಳಿಯುವವು ಅವೇ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ದಾರಿಯೇ ಇಲ್ಲಿಯೂ ಎನ್ನಬಹುದು.

ಹೊಸ ತಳಿ ಹುಟ್ಟಿತೇ, ಇರುವ ತಳಿಯೇ ಹೊಂದಿಕೊಂಡಿತೇ ಎಂಬುದನ್ನು ನೀವೇ ಕಂಡುಕೊಳ್ಳಬಹುದು. ಎದ್ದಿರುವ ಬಾಟಲಿಯ ತಳದ ಗಸಿಯಿಂದ ಒಂದು ಚಮಚೆಯನ್ನು ನೇರವಾಗಿ ಹೊಸ ವಿನೆಗರ್ ಬಾಟಲಿಗೆ ಹಾಕಿ. ಇನ್ನೊಂದು ಚಮಚೆಯನ್ನು ವಿನೆಗರ್ ಇಲ್ಲದ ಬೆಲ್ಲದ ನೀರಿಗೆ ಹಾಕಿ, ಪ್ರತಿದಿನ ಅದರಿಂದ ಕೆಲವೇ ಹನಿಗಳನ್ನು ಹೊಸ ಬೆಲ್ಲದ ನೀರಿಗೆ ವರ್ಗಾಯಿಸುತ್ತ ಮೂರು ದಿನ ಬೆಳೆಸಿ, ನಾಲ್ಕನೆಯ ದಿನ ವಿನೆಗರಿಗೆ ತನ್ನಿ. ತಾಳಿಕೆ ವಂಶವಾಹಿಯಲ್ಲಿ ಅಚ್ಚಾಗಿದ್ದರೆ ಎರಡೂ ಬೇಗ ಏಳುತ್ತವೆ. ಬರಿಯ ಹೊಂದಾಣಿಕೆಯಾಗಿದ್ದರೆ, ಆಮ್ಲವನ್ನು ಮರೆತು ಬೆಳೆದ ಎರಡನೆಯ ಗುಂಪು ಮತ್ತೆ ಮೊದಲಿನಂತೆಯೇ ತಡಮಾಡುತ್ತದೆ. ಎರಡಕ್ಕೂ ಹಾಕುವ ಯೀಸ್ಟಿನ ಪ್ರಮಾಣ ಸಮನಾಗಿರಲಿ, ಇಲ್ಲವಾದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಜೀವಶಾಸ್ತ್ರದ ಮೇಷ್ಟ್ರು

ಹೇಳಿದಂತೆಯೇ ಮಾಡಿದೆವು. ಪ್ರಮಾಣ ಸಮನಾಗಿರಲೆಂದು ಎರಡೂ ಗಸಿಗಳನ್ನು ನೀರಿನಲ್ಲಿ ಕದಡಿ, ಪರೀಕ್ಷಾ ನಳಿಕೆಯ ಹಿಂದೆ ಅಚ್ಚಾದ ಅಕ್ಷರ ಹಿಡಿದು, ಅಕ್ಷರ ಒಂದೇ ಮಟ್ಟಿಗೆ ಮಸುಕಾಗುವವರೆಗೆ ತೆಳುಗೊಳಿಸಿಕೊಂಡೆವು. ಈ ಉಪಾಯ ಮೊದಲು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯದೇ. ವಿನೆಗರಿನಿಂದ ನೇರವಾಗಿ ವಿನೆಗರಿಗೆ ಹೋದ ಯೀಸ್ಟ್ ಮರುದಿನ ಮಧ್ಯಾಹ್ನದ ಊಟದ ಬಿಡುವಿನೊಳಗೆ ಬಲೂನನ್ನು ಎತ್ತಿ ನಿಲ್ಲಿಸಿತು. ಮೂರು ದಿನ ಬರಿಯ ಬೆಲ್ಲದ ನೀರಿನಲ್ಲಿ ಬೆಳೆದು ಬಂದದ್ದರ ಬಲೂನು ನಾಲ್ಕು ದಿನ ಪೂರ್ತಿ ಜೋತುಬಿದ್ದಿದ್ದು, ಐದನೆಯ ದಿನ ಸಂಜೆ ಏಳತೊಡಗಿದೆ.